ಸೂತಕವಿಲ್ಲದವನ ಸ್ನಾನ

ಕೆ. ಹೊಸಕೋಟೆಯಲ್ಲಿ ನನ್ನ ಮೆಡಿಕಲ್ ಶಾಪಿನ ಎದುರು ನಿಂತು ವರ್ಷಗಟ್ಟಲೆ ನನ್ನನ್ನು ಬೈದ ಮನುಷ್ಯ ಹೋದ ತಿಂಗಳು ತೀರಿಕೊಂಡರು. ಬೆಳಿಗ್ಗೆ ಶಟರ್ ಎತ್ತುವಾಗ ಎದುರಿನ ಟೈಲರ್ ಅಂಗಡಿಯ ಜಗಲಿಯನ್ನು ಈಗಲೂ ಒಮ್ಮೆ ನೋಡುತ್ತೇನೆ. ಅಲ್ಲಿ ಯಾರೂ ಇಲ್ಲ. ಬೈಸಿಕೊಳ್ಳದೆ ಶುರುವಾಗುವ ದಿನಕ್ಕೆ ರುಚಿಯೇ ಇಲ್ಲ, ಏನು ಮಾಡಲಿ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಸತ್ತ ಮೇಲೂ ಎದ್ದು ಬಂದು, "ನನ್ನ ಹೆಸ್ರು ಹಾಕಕ್ಕೆ ನಿಂಗ್ಯಾರೋ ಅಧಿಕಾರ ಕೊಟ್ಟೋರು?" ಎಂದು ಕೇಳುವ ಆಸಾಮಿ. ಗೌಡರು ಎಂದರೆ ಸಾಕು. ಊರಲ್ಲಿ ಗೌಡರು ಬೇಕಾದಷ್ಟು ಜನ ಇದ್ದಾರೆ, ಆದರೆ ಬರೀ ಗೌಡರು ಅಂದರೆ ಇವರೇ. ಕುಳ್ಳಗಿನ ಒಣಕಲು ಮೈ, ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಸಿಟ್ಟು ಬಂದಾಗ ಮೇಲೇರುವ ಎಡಗಡೆಯ ಹುಬ್ಬು. ಆ ಹುಬ್ಬು ಕೆಳಗಿಳಿದದ್ದನ್ನು ನಾನು ಕಂಡದ್ದು ಅಪರೂಪ.

ಅವರಿಗೆ ಸೇಡು ಎಂದರೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ, ಇಲ್ಲದಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ಒಮ್ಮೆ ಆಲೂರಿನ ಸರ್ಕಾರಿ ಬಸ್ಸಿಗೆ ಕೈ ತೋರಿಸಿದರು, ಕಂಡಕ್ಟರ್ ನಿಲ್ಲಿಸಲಿಲ್ಲ. ಅಷ್ಟೇ. ಆ ಕಂಡಕ್ಟರಿಗೆ ವರ್ಗವಾಗುವವರೆಗೂ ಗೌಡರು ಆ ಬಸ್ಸು ಹತ್ತಲಿಲ್ಲ. ಆಲೂರಿಗೆ ಹೋಗಬೇಕಾದರೆ ಹಾಲಿನ ವ್ಯಾನಿನ ಹಿಂದೆ ಕ್ಯಾನುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹೋಗುತ್ತಿದ್ದರು. ದಾರಿಯಲ್ಲಿ ಆ ಬಸ್ಸು ಎದುರಾದರೆ ವ್ಯಾನಿನೊಳಗಿಂದಲೇ ಕೈ ಬೀಸಿ ಕಂಡಕ್ಟರನಿಗೆ ಹಲ್ಲು ಕಿರಿಯುವುದು. "ನಾನು ಮರೆಯೋನಲ್ಲ ಭಾಯ್" ಎನ್ನುವುದು ಅವರ ಖಾಯಂ ಮಾತು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಭಾಯ್ ಅಂತ. ನಮ್ಮಪ್ಪನ ಕಾಲದಿಂದ ಊರಲ್ಲಿ ವ್ಯಾಪಾರ ಮಾಡಿಕೊಂಡಿರುವ ಮುಸಲ್ಮಾನರ ಮನೆ ನಮ್ಮದು. ಸಂಜೆ ಹೊತ್ತು ನನ್ನ ಅಂಗಡಿಯ ಮರದ ಬೆಂಚಿನ ಮೇಲೆ ಕೂತು, ಒಂದರ ಬೆಂಕಿಯಿಂದ ಇನ್ನೊಂದು ಸಿಗರೇಟು ಹಚ್ಚುತ್ತ, ಅವತ್ತು ಯಾರು ಯಾರು ತಮಗೆ ಏನೇನು ಮಾಡಿದರು ಎಂದು ಹೇಳದೆ ಅವರು ಮನೆಗೆ ಹೋಗುತ್ತಿರಲಿಲ್ಲ.

ಆ ಎಲ್ಲ ವೈರಿಗಳ ಮೇಲೆ ಒಬ್ಬ ದೊಡ್ಡ ವೈರಿ ಇದ್ದ. ಅವರ ದೊಡ್ಡಪ್ಪನ ಮಗ, ದಾಯಾದಿ. ತೋಟಕ್ಕೆ ತೋಟ ಅಂಟಿಕೊಂಡಿತ್ತು, ಇಬ್ಬರಿಗೂ ಒಂದೇ ಹಳ್ಳದ ನೀರು. ಒಂದು ವರ್ಷ ಕಾಫಿ ಹೂವಿಗೆ ನೀರು ಹೊಡೆಯುವ ಕಾಲದಲ್ಲಿ ದಾಯಾದಿ ಮೇಲಿನಿಂದ ಹಳ್ಳಕ್ಕೆ ಅಡ್ಡ ಹಾಕಿ ನೀರೆಲ್ಲ ತನ್ನ ಸ್ಪ್ರಿಂಕ್ಲರಿಗೆ ಎಳೆದುಕೊಂಡ. ಗೌಡರ ಗಿಡಗಳಲ್ಲಿ ಮೊಗ್ಗು ಮೊಗ್ಗಾಗಿಯೇ ಕರಟಿತು. ಅವತ್ತಿನಿಂದ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟಲಿಲ್ಲ.

ಆದರೆ ಅವರ ಜನರಲ್ಲಿ ಒಂದು ಕಟ್ಟುಪಾಡು ಇದೆ. ದಾಯಾದಿಗಳು ಎಷ್ಟೇ ಹೊಡೆದಾಡಿಕೊಳ್ಳಲಿ, ಒಬ್ಬ ಸತ್ತರೆ ಇನ್ನೊಬ್ಬನಿಗೆ ಸೂತಕ. ಸುದ್ದಿ ಕಿವಿಗೆ ಬಿದ್ದ ಕೂಡಲೇ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಜಗಳವಾಡಿದ್ದೇವೆ ಎಂದು ಬಿಡುವಂತಿಲ್ಲ. ಹೀಗಾಗಿ ಅವರಿಬ್ಬರ ಬೈಗುಳ ಎಲ್ಲಿಂದ ಹೊರಟರೂ ಬಚ್ಚಲಿಗೇ ಬಂದು ನಿಲ್ಲುತ್ತಿತ್ತು. "ನಿನ್ನ ಸೂತಕದ ಸ್ನಾನ ಮಾಡೋನು ನಾನೇ ಕಣೋ" ಎಂದು ಇವರು ಬೇಲಿಯ ಈಚೆಯಿಂದ. "ನೋಡೋಣ, ಯಾರ ಹಂಡೆ ಮೊದ್ಲು ಕಾಯ್ತದೆ ಅಂತ" ಎಂದು ಅವನು ಆಚೆಯಿಂದ.

ತೊಂಬತ್ತರ ದಶಕದ ಶುರುವಿನಲ್ಲಿ ಗೌಡರಿಗೆ ಹೊಟ್ಟೆನೋವು ಹತ್ತಿಕೊಂಡಿತು. ಜ್ವರ ಬರುವುದು, ಭೇದಿಯಾಗುವುದು, ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದರು. ಕರುಳಿನ ಟಿ.ಬಿ. ಇರಬೇಕು ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು, ನಾನೇ ಮಾರಿದ ಮಾತ್ರೆ. ಗುಣ ಕಾಣಲಿಲ್ಲ. ಒಂದು ದಿನ ಹೊಟ್ಟೆ ನಗಾರಿಯಂತೆ ಉಬ್ಬಿ ವಾಂತಿ ಶುರುವಾಯಿತು. ಜೀಪಿನಲ್ಲಿ ಮಲಗಿಸಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದೆವು, ನಾನು ಮತ್ತು ಅವರ ಹೆಂಡತಿ. ಆ ತಾಯಿಯನ್ನು ನಾನು ಅಕ್ಕ ಎನ್ನುತ್ತೇನೆ. ಕರುಳು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ತೂತಾಗಿತ್ತು. ಸಣ್ಣ ಕರುಳಿನ ಕೊನೆಯ ಭಾಗವನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಸೇರಿಸಿ ಹೊಲಿದರು. ತೆಗೆದ ತುಂಡನ್ನು ಪರೀಕ್ಷೆ ಮಾಡಿದ ಮೇಲೆ ಗೊತ್ತಾಯಿತು, ಅದು ಟಿ.ಬಿ. ಅಲ್ಲ, ಕ್ರೋನ್ಸ್ ಎನ್ನುವ ಕಾಯಿಲೆ.

ಸರ್ಜನ್ ಮಂಚದ ಪಕ್ಕ ಕೂತು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

"ಕಾಯಿಲೆ ಬಂದ ಜಾಗ ತೆಗೆದಿದ್ದೀನಿ ಗೌಡ್ರೇ. ಕಾಯಿಲೆ ತೆಗೆದಿಲ್ಲ. ನಿಮ್ಮ ಮೈಯೇ ನಿಮ್ಮ ಕರುಳಿನ ಮೇಲೆ ಬೀಳೋ ಕಾಯಿಲೆ ಇದು. ತಿರುಗಿ ಬರೋದು ಇದರ ಬುದ್ಧಿ, ಬಂದ್ರೆ ಹೆಚ್ಚಾಗಿ ಹೊಲಿಗೆ ಹಾಕಿದ ಹತ್ರಾನೇ ಬರ್ತದೆ."

"ದಾಯಾದಿ ಅನ್ನಿ" ಎಂದರು ಗೌಡರು. "ಯಾರ್ಗೆ ಬರ್ತದೆ, ಯಾರ್ಗೆ ಬರಾಕಿಲ್ಲ?"

"ಖಂಡಿತ ಹೇಳೋಕಾಗಲ್ಲ. ಎಲ್ಲ ನೆಟ್ಟಗೆ ಮಾಡಿದ್ರೂ ಕೆಲವರಿಗೆ ಬರ್ತದೆ. ನಿಮ್ಮ ಹಾಗೆ ಕರುಳು ತೂತಾದವರಿಗೆ ಬರೋ ಸಂಭವ ಜಾಸ್ತಿ. ಅದು ನಿಮ್ಮ ಕೈಲಿಲ್ಲ, ನನ್ನ ಕೈಲೂ ಇಲ್ಲ. ನಿಮ್ಮ ಕೈಲಿರೋದು ಇದು" ಎಂದು ಸರ್ಜನ್ ಅವರ ಬಲಗೈ ಹಿಡಿದೆತ್ತಿದರು. ಎರಡು ಬೆರಳು ಸಿಗರೇಟಿನ ಹೊಗೆಗೆ ಅರಿಸಿನ ಬಳಿದಂತೆ ಹಳದಿಯಾಗಿದ್ದವು. "ಇದನ್ನ ಬಿಡ್ಬೇಕು. ಸೇದೋರಿಗೆ ಈ ಕಾಯಿಲೆ ಬೇಗ ವಾಪಸ್ ಬರ್ತದೆ. ನಾನು ಬರೆದ ಮಾತ್ರೆ ದಿನಾ ತಗೋಬೇಕು. ಮಂಡಿನೋವು ಅಂತ ಅಂಗಡಿಯಿಂದ ಕಂಡಕಂಡ ನೋವಿನ ಮಾತ್ರೆ ತಂದು ನುಂಗಬಾರ್ದು. ಆಮೇಲೆ, ನೋವು ಬಂದಾಗ ಬರೋಣ ಅಂತ ಕೂರಬೇಡಿ. ನೋವು ಬರೋಷ್ಟರಲ್ಲಿ ಒಳಗೆ ಹುಣ್ಣಾಗಿ ಎಷ್ಟೋ ದಿನ ಆಗಿರ್ತದೆ. ಚೆನ್ನಾಗಿರೋವಾಗ್ಲೇ ಬಂದು ದುರ್ಬೀನು ಹಾಕಿಸ್ಕೊಳ್ಳಿ, ಕೊಳವೆ ಹಾಕಿ ಕರುಳೊಳಗೆ ನೋಡ್ತೀವಿ."

ಡಾಕ್ಟರು ಆಚೆ ಹೋದ ಮೇಲೆ ಗೌಡರು ನನ್ನ ಕಡೆ ತಿರುಗಿದರು. "ಸಿಗರೇಟ್ ಬಿಟ್ಟು ಬದುಕೋದೂ ಒಂದು ಬದುಕೇನು ಭಾಯ್? ಹೋಗಿ ಒಂದು ತಗಂಬಾ." ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಗೌಡರು ಗೋಡೆ ನೋಡಿದರು.

ಮಾರನೆಯ ದಿನ ದಾಯಾದಿ ಬಂದ. ಬರಲೇಬೇಕು, ಬಾರದಿದ್ದರೆ ಊರು ಆಡಿಕೊಳ್ಳುತ್ತದೆ. ಕೈಯಲ್ಲಿ ಪುಟ್ಟಬಾಳೆಯ ಚಿಪ್ಪು. ಹಣ್ಣನ್ನು ಮೇಜಿನ ಮೇಲಿಟ್ಟು, ಅಂಗಿಯ ಜೇಬಿನಿಂದ ಹೊಸ ಸಿಗರೇಟ್ ಪ್ಯಾಕು ತೆಗೆದು ದಿಂಬಿನ ಕೆಳಗೆ ತುರುಕಿದ.

"ಇಟ್ಕೋ, ಬೇಕಾಗ್ತದೆ. ನೀನು ಬಿಡೋ ಪೈಕಿ ಅಲ್ಲ. ವರ್ಷ ತುಂಬೋದ್ರೊಳಗೆ ಇದೇ ಮಂಚಕ್ಕೆ ವಾಪಸ್ ಬರ್ತೀಯ. ನಾನು ಹಂಡೆ ತುಂಬ್ಸಿ ಇಟ್ಟಿರ್ತೀನಿ."

ಥೂ, ಅವನ ಬಾಯಿಗೆ ಮಣ್ಣು ಹಾಕ. ಹೊಟ್ಟೆ ಕುಯ್ಸಿಕೊಂಡು ಮಲಗಿದವನ ಮುಂದೆ ಆಡುವ ಮಾತೇ ಅದು? ನಾನು ಪ್ಯಾಕು ಕಿತ್ತು ಕಿಟಕಿಯಾಚೆ ಬಿಸಾಡಲು ಹೋದೆ. ಗೌಡರು ನನ್ನ ಮಣಿಕಟ್ಟು ಹಿಡಿದರು. ಎಡಗಡೆಯ ಹುಬ್ಬು ಹಣೆಗೇರಿತ್ತು.

"ಬಿಸಾಕ್ಬೇಡ. ಇರ್ಲಿ ಅದು. ನಾನು ಮರೆಯೋನಲ್ಲ."

ಆ ಪ್ಯಾಕು ಒಡೆಯದೆ ಅವರ ಮನೆಯ ಜಗಲಿಯ ತೊಲೆಯ ಮೇಲೆ ಕೂತಿತು. ಸೇದುವ ಆಸೆ ಬಂದಾಗಲೆಲ್ಲ ಗೌಡರು ಕತ್ತೆತ್ತಿ ಅದನ್ನು ನೋಡಿ ಒಂದು ಲವಂಗ ಬಾಯಿಗೆ ಹಾಕಿಕೊಳ್ಳುವರು. ಮೊದಮೊದಲು ಕೈ ನಡುಗುತ್ತಿತ್ತು, ಕೆಲಸದ ಆಳುಗಳ ಮೇಲೆ ಸುಮ್ಮಸುಮ್ಮನೆ ಹಾರಾಡುತ್ತಿದ್ದರು, ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಅಕ್ಕ ಹೇಳುತ್ತಿದ್ದರು. ಆದರೂ ಬಿಟ್ಟರು. ಮಾತ್ರೆಯನ್ನೂ ಬೆಳಗಿನ ಕಾಫಿಗೆ ಮುಂಚೆ ದಾಯಾದಿಯ ಮನೆ ಕಡೆ ಮುಖ ಮಾಡಿ ನಿಂತು ನುಂಗುತ್ತಿದ್ದರಂತೆ. ವೈದ್ಯರ ಬುದ್ಧಿಮಾತು ಮಾಡದ್ದನ್ನು, ಹೆಂಡತಿಯ ಕಣ್ಣೀರು ಮಾಡದ್ದನ್ನು ಒಬ್ಬ ನೀಚನ ಮಾತು ಮಾಡಿತು. ನನಗೆ ಆಗ ಇದು ತಮಾಷೆಯಾಗಿ ಕಾಣುತ್ತಿತ್ತು.

ದುರ್ಬೀನು ಹಾಕಿಸಲು ಮಂಗಳೂರಿಗೆ ಹೋಗಿಬರುವುದೇ ಒಂದು ಉತ್ಸವ. ಹಿಂದಿನ ದಿನ ಹೊಟ್ಟೆ ತೊಳೆಯುವ ಔಷಧಿ ಕುಡಿದು, ಅದನ್ನು ಕಂಡುಹಿಡಿದವನ ವಂಶವನ್ನೆಲ್ಲ ಬೈದು ಜೀಪು ಹತ್ತುವರು. ವಾಪಸ್ ಬರುವಾಗ ದಾಯಾದಿಯ ಗೇಟಿನ ಮುಂದೆ ಜೀಪು ನಿಲ್ಲಿಸಿ ಹಾರ್ನ್ ಒತ್ತಿಸುವರು. ಅವನು ಹೊರಗೆ ಬಂದ ಮೇಲೆ ಅಂಗಿ ಎತ್ತಿ ಗಾಯದ ಕಲೆಯ ಮೇಲೆ ಪಟಪಟ ಬಡಿದುಕೊಳ್ಳುವುದು.

"ಒಳಗೆಲ್ಲ ನುಣ್ಣಗೈತಂತೆ ಕಣೋ! ನಿನ್ನ ಹಂಡೆ ನೀರು ಎಮ್ಮೆಗೆ ಕುಡ್ಸು ಹೋಗು!"

ಹೀಗೆ ವರ್ಷಗಳು ಕಳೆದವು. ಗೌಡರು ಮೈ ತುಂಬಿಕೊಂಡರು. ಕಾಫಿಗೆ ಒಳ್ಳೆ ರೇಟು ಬಂತು, ಮನೆಗೆ ಹೊಸ ಹೆಂಚು ಹೊದಿಸಿದರು, ತೊಲೆಯನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ದಾಯಾದಿಯೇ ಸತ್ತ. ಬಿ.ಪಿ. ಮಾತ್ರೆಯನ್ನು ನನ್ನ ಅಂಗಡಿಯಿಂದಲೇ ಒಯ್ಯುತ್ತಿದ್ದ, ನುಂಗುತ್ತಿರಲಿಲ್ಲ. ಸುದ್ದಿ ಕೇಳಿ ನಾನು ಗೌಡರ ಮನೆಗೆ ಹೋಗುವ ಹೊತ್ತಿಗೆ ಅವರ ಸ್ನಾನ ಮುಗಿದಿತ್ತು. ಒದ್ದೆ ಪಂಚೆಯಲ್ಲೇ ಜಗಲಿಯ ಮೇಲೆ ನಿಂತಿದ್ದರು, ತಲೆಯಿಂದ ನೀರು ಸುರಿಯುತ್ತಿತ್ತು. ಮುಖದಲ್ಲಿ ನಗುವಿತ್ತೆಂದರೆ ಸುಳ್ಳು, ಅಳುವಿತ್ತೆಂದರೂ ಸುಳ್ಳು. ತುದಿಗಾಲಲ್ಲಿ ನಿಂತು ತೊಲೆಯ ಮೇಲಿಂದ ಪ್ಯಾಕು ಇಳಿಸಿದರು. ಅಷ್ಟು ವರ್ಷದ ತಂಬಾಕು ಒಣಗಿ ಉದುರುತ್ತಿತ್ತು. ಒಂದನ್ನು ತುಟಿಗಿಟ್ಟು ಕಡ್ಡಿ ಗೀರಿದರು.

"ಗೌಡ್ರೇ, ಬ್ಯಾಡ!" ಎಂದೆ.

"ಸುಮ್ನಿರು ಭಾಯ್. ಗೆದ್ದುಬುಟ್ಟೆ" ಎಂದರು.

ಗೆದ್ದರಂತೆ! ಒಂದೇ ಎಂದುಕೊಂಡದ್ದು ಆ ಪ್ಯಾಕು ಮುಗಿಯುವವರೆಗೆ ಹೋಯಿತು, ಆಮೇಲೆ ಹೊಸ ಪ್ಯಾಕು ಬಂತು. ಮಾತ್ರೆ ತರಲು ಬರುವುದು ತಪ್ಪಿತು. ನಾನೇ ಮನೆಗೆ ಒಯ್ದು ಕೊಟ್ಟರೆ, "ಚೆನ್ನಾಗೇ ಇದ್ದೀನಲ್ಲ ಮಾರಾಯ" ಎಂದು ಗೂಡಿನಲ್ಲಿ ಎಸೆಯುವರು. ದುರ್ಬೀನಿನ ಮಾತೆತ್ತಿದರೆ, "ಯಾರಿಗೆ ತೋರ್ಸಕ್ಕೆ?" ಎನ್ನುವರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸತ್ತ ದಾಯಾದಿಯ ಮೇಲೂ ಬಂತು. ಬದುಕಿದ್ದಾಗ ಹಳ್ಳದ ನೀರು ಕದ್ದವನು, ಸತ್ತು ಈ ಮನುಷ್ಯನ ಛಲವನ್ನೇ ಕದ್ದುಕೊಂಡು ಹೋಗಿದ್ದ.

ಕಾಯಿಲೆ ವಾಪಸ್ ಬಂತು. ಸರ್ಜನ್ ಹೇಳಿದ ಜಾಗದಲ್ಲೇ, ಹಳೆಯ ಹೊಲಿಗೆಯ ಬದಿಯಲ್ಲಿ. ಮತ್ತೆ ಶಿರಾಡಿ ಘಾಟಿ, ಮತ್ತೆ ಅದೇ ಆಸ್ಪತ್ರೆ, ಇನ್ನೊಂದಿಷ್ಟು ಕರುಳು ಹೋಯಿತು. ಈ ಸಲ ಸರ್ಜನ್ ಗೌಡರ ಹತ್ತಿರ ಹೆಚ್ಚು ಮಾತಾಡಲಿಲ್ಲ. ನನ್ನನ್ನೂ ಅಕ್ಕನನ್ನೂ ಕಾರಿಡಾರಿಗೆ ಕರೆದು, "ಎರಡನೇ ಆಪರೇಶನ್ ಆದವರಿಗೆ ಮತ್ತೆ ಬರೋ ಅಪಾಯ ಇನ್ನೂ ಜಾಸ್ತಿ. ಇನ್ನೊಂದ್ಸಲ ಕತ್ತರಿಸಿದ್ರೆ ತಿಂದಿದ್ದು ಮೈಗೆ ಹತ್ತೋಕೆ ಬೇಕಾದಷ್ಟು ಕರುಳೇ ಉಳಿಯೋದು ಕಷ್ಟ. ಆ ಹೊಗೆ ಹೇಗಾದ್ರೂ ಬಿಡಿಸಿ" ಎಂದರು.

ನಾನು ಒಳಗೆ ಹೋಗಿ ಕೈ ಮುಗಿದೆ. "ಬಿಟ್ಬಿಡಿ ಗೌಡ್ರೇ. ಒಂದ್ಸಲ ಬಿಟ್ಟೋರು ನೀವು."

ಗೌಡರು ಸೂರು ನೋಡುತ್ತ ಮಲಗಿದ್ದರು. ಹುಬ್ಬು ಎರಡೂ ಸಮನಾಗಿ ಕೆಳಗಿದ್ದವು. ನನಗೆ ಅದನ್ನು ನೋಡಿಯೇ ಭಯವಾಯಿತು.

"ಯಾರ ಮುಂದೆ ಬಿಟ್ಟು ತೋರಿಸ್ಲಿ ಭಾಯ್? ನೋಡೋನೇ ಹೋಗ್ಬುಟ್ಟ" ಎಂದರು.

ನಾನು ಮೆಟ್ಟಿಲಿಳಿದು ಬೀದಿಗೆ ಬಂದೆ. ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ ನಾನು. ಗೂಡಂಗಡಿಯಲ್ಲಿ ಅವರು ಸೇದುವ ಸಿಗರೇಟಿನ ಹೊಸ ಪ್ಯಾಕು ಕೊಂಡೆ. ಮತ್ತೆ ಮೇಲೆ ಹತ್ತಿ, ವಾರ್ಡಿನಲ್ಲಿದ್ದವರೆಲ್ಲ ನೋಡುತ್ತಿದ್ದಂತೆ ಅದನ್ನು ಅವರ ದಿಂಬಿನ ಕೆಳಗೆ ತುರುಕಿದೆ. ಎಂದೂ ಬಹುವಚನ ಬಿಟ್ಟು ಮಾತಾಡಿಸದ ಬಾಯಿ ನನ್ನದು. ಅವತ್ತು ಬಿಟ್ಟೆ.

"ತಗೋ, ಸೇದು. ಅವನು ಹೇಳಿದ್ದೇ ಸರಿ. ನೀನು ಬಿಡೋ ಪೈಕಿ ಅಲ್ಲ. ಅವನೇನೋ ಸತ್ತ, ಹಂಡೆ ಖಾಲಿ ಇರಬಾರ್ದಲ್ಲ, ನಾನು ತುಂಬಿಸ್ತೀನಿ. ನಿನ್ನ ಸೂತಕದ ಸ್ನಾನ ನಾನು ಮಾಡ್ತೀನಿ ಕಣೋ ಗೌಡ. ಒಂದು ವರ್ಷ ಸಾಕು, ನಿನ್ನ ಕರುಳು ನನ್ನ ಕಡೆ ಐತೆ."

ಪಕ್ಕದ ಮಂಚದವನು ಬಾಯಿ ತೆರೆದು ನೋಡುತ್ತಿದ್ದ. ಗೌಡರ ಎಡಗಡೆಯ ಹುಬ್ಬು ಮೆಲ್ಲಗೆ ಮೇಲೇರಿತು.

"ನನ್ನ ಸೂತಕ ನಿಂಗ್ಯಾಕಲೇ? ನೀನ್ಯಾವ ದಾಯಾದಿ ನಂಗೆ? ನನ್ನ ಮನೆ ಅನ್ನ ತಿಂದು ಹಿಂಗಂತೀಯ? ಹೋಗಾಚೆ! ಇನ್ಮೇಲೆ ನಿನ್ನ ಅಂಗ್ಡಿ ಮೆಟ್ಲು ಹತ್ತಿದ್ರೆ ಕೇಳು!"

ನಾನು ಹೊರಗೆ ಬಂದೆ. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮೆಟ್ಟಿಲವರೆಗೆ ಹಿಂದೆಯೇ ಬಂದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ.

"ಇಷ್ಟಕ್ಕೇ ಬಿಡ್ಬೇಡ ಕಣಣ್ಣ" ಎಂದರು. "ನಿನ್ನ ಕಾಲಿಗೆ ಬೀಳ್ತೀನಿ. ಅವ್ರು ಇರೋತಂಕ ಬಿಡ್ಬೇಡ."

ಹಾಗೆ ನಮ್ಮ ಸ್ನೇಹ ಮುಗಿಯಿತು. ಬೆಂಚು ಖಾಲಿಯಾಯಿತು. ಗೌಡರು ಎದುರಿನ ಟೈಲರನ ಜಗಲಿ ಹಿಡಿದರು. ಬೆಳಿಗ್ಗೆ ನಾನು ಶಟರ್ ಎತ್ತುವ ಹೊತ್ತಿಗೆ ಅಲ್ಲಿ ಹಾಜರು. ಲವಂಗ ಅಗಿಯುತ್ತ ಟೈಲರನಿಗೆ ಹೇಳುವ ನೆಪದಲ್ಲಿ ರಸ್ತೆಗೆಲ್ಲ ಕೇಳುವಂತೆ, "ಇನ್ನೂ ಬದುಕಿದ್ದೀನಿ ಕಣ್ರೀ! ಕೆಲವರಿಗೆ ನಿದ್ದೆ ಬರಾಕಿಲ್ಲ, ಏನ್ ಮಾಡಕ್ಕಾಯ್ತದೆ?" ಎನ್ನುವರು. ನಾನೇನು ಕಡಿಮೆಯೇ? "ಬಣ್ಣ ಬಿಳುಚ್ಕೊಂಡಂಗೈತೆ, ಹಂಡೆಗೆ ಉರಿ ಹಾಕ್ಲಾ?" ಎಂದು ನನ್ನ ಗಿರಾಕಿಗೆ ಹೇಳುವೆ. ಊರವರು ಪಂಚಾಯಿತಿ ಮಾಡಿ ರಾಜಿ ಮಾಡಿಸಲು ಬಂದರು. ಇಬ್ಬರೂ ಒಪ್ಪಲಿಲ್ಲ. ಸಾಬರು ದೊಡ್ಡ ಮನುಷ್ಯರ ಮೇಲೆ ನಾಲಗೆ ಹರಿಬಿಡುತ್ತಾರೆ ಎಂದು ನನ್ನ ಅಂಗಡಿಗೆ ಬರುವುದು ಬಿಟ್ಟವರೂ ಉಂಟು. ಹೋಗಲಿ, ತಲೆನೋವಿಗೆ ಆಲೂರಿಗೆ ಹೋಗಿ ಮಾತ್ರೆ ತರಲಿ ಎಂದುಕೊಂಡೆ.

ಮಾತ್ರೆ ಒಯ್ಯಲು ಅಕ್ಕ ಬರುವರು. "ಹೊಗೆ?" ಎಂದರೆ, "ಇಲ್ಲಣ್ಣ, ಪ್ಯಾಕು ತೊಲೆ ಮ್ಯಾಲೆ ಐತೆ, ಒಡೆದಿಲ್ಲ" ಎನ್ನುವರು. ಒಮ್ಮೆ ಗೌಡರ ಮಂಡಿ ಊದಿಕೊಂಡಿತ್ತು. ನನ್ನ ಹತ್ತಿರ ಬರುವ ಹಾಗಿಲ್ಲವಲ್ಲ, ತೋಟದ ಆಳನ್ನು ಕಳಿಸಿದರು. ಅವನು ಬಂದು ತನ್ನ ಮಂಡಿಗೇ ಎಂದು ಹೇಳಿ ಜೋರಾದ ನೋವಿನ ಮಾತ್ರೆಯ ಹೆಸರು ಕೇಳಿದ. ಗಟ್ಟಿಮುಟ್ಟಾಗಿ ನಿಂತಿದ್ದವನ ಮಂಡಿ ನೋಡಿದೆ, ಎದುರಿನ ಜಗಲಿಯ ಮೇಲೆ ಆ ಕಡೆ ಮುಖ ಮಾಡಿ ಕೂತವರನ್ನೂ ನೋಡಿದೆ. ಅದರ ಬದಲು ಕರುಳಿಗೆ ಕೇಡು ಮಾಡದ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದೆ. ಮಾರನೆಯ ದಿನ ಜಗಲಿಯಿಂದ ಕೂಗು ಬಂತು: "ಕೆಲವರು ಮಾತ್ರೇಲೂ ಮೋಸ ಮಾಡ್ತಾರೆ ಕಣ್ರೀ!"

ಪ್ರತಿ ಸಲ ದುರ್ಬೀನು ಹಾಕಿಸಿಕೊಂಡು ಬಂದಾಗಲೂ ಜೀಪು ನನ್ನ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಹಾರ್ನು ಬಡಿಯುತ್ತಿತ್ತು. ಅಂಗಿ ಎತ್ತಿ ಎರಡು ಕಲೆಗಳ ಮೇಲೆ ಕೈಯಲ್ಲಿ ಬಡಿದುಕೊಂಡು ನನ್ನನ್ನು ಗುರಾಯಿಸುವರು. ನಾನು ಮುಖ ಸಿಂಡರಿಸಿ ಒಳಗೆ ಹೋಗಿ, ಔಷಧಿ ಡಬ್ಬಗಳ ಹಿಂದೆ ನಿಂತು ಅಲ್ಲಾಹನಿಗೆ ಶುಕ್ರಿಯಾ ಹೇಳಿ ಕಣ್ಣೊರೆಸಿಕೊಳ್ಳುವೆ. ಅವರ ಬೆಂಚಿನ ಮಾತು, ಅವರ ಊಟದ ಮನೆಯ ಕಡುಬು, ಹಬ್ಬಕ್ಕೆ ನಮ್ಮ ಮನೆಗೆ ಬಂದು ನನ್ನ ಮಕ್ಕಳ ಕೈಗೆ ಹಣ್ಣು ಕೊಡುತ್ತಿದ್ದದ್ದು, ಎಲ್ಲ ಹೋಯಿತು. ಒಂದೊಂದು ದಿನ ರಸ್ತೆ ದಾಟಿ ಹೋಗಿ, ಸಾಕು ಗೌಡ್ರೇ, ಬನ್ನಿ ಕಾಫಿ ಕುಡಿಯೋಣ ಎಂದು ಹೇಳಿಬಿಡೋಣ ಅನ್ನಿಸುವುದು. ಆಮೇಲೆ ತೊಲೆ ನೆನಪಾಗಿ ಕೂರುತ್ತಿದ್ದೆ.

ಹೋದ ತಿಂಗಳು ಗೌಡರಿಗೆ ಎದೆನೋವು ಬಂತು. ಹಾಸನದ ಆಸ್ಪತ್ರೆಗೆ ಸೇರಿಸಿದರು ಎಂದು ಟೈಲರ್ ಹೇಳಿದ. ನೋಡಲು ಹೋಗುವಂತಿರಲಿಲ್ಲ. ಅಂಗಡಿಯಲ್ಲಿ ಕೂತು ಯಾರ ಕೈಗೋ ಯಾರ ಮಾತ್ರೆಯೋ ಕೊಟ್ಟೆ. ಮೂರನೆಯ ದಿನ ಬೆಳಿಗ್ಗೆ ಹಾಸನದ ಕಡೆಯಿಂದ ವ್ಯಾನು ಬಂತು. ನನ್ನ ಅಂಗಡಿಯ ಮುಂದೆ ನಿಂತಿತು. ಈ ಸಲ ಹಾರ್ನು ಆಗಲಿಲ್ಲ. ಅಕ್ಕ ಇಳಿದರು.

"ಎದೆ ಕಣಣ್ಣ" ಎಂದರು. "ಕರುಳಲ್ಲ. ಡಾಕ್ಟ್ರನ್ನ ಎಲ್ಡೆಲ್ಡು ಸಲ ಕೇಳುದ್ರು, ಇದು ಕರುಳಿನ ಕಡೆಯಿಂದ ಬಂದಿದ್ದಲ್ಲ ತಾನೆ ಅಂತ. ಅಲ್ಲ ಅಂದಿದ್ಕೆ ನಕ್ಕುಬುಟ್ರು." ಸೆರಗಿನ ಗಂಟು ಬಿಚ್ಚಿ ಒಂದು ಸಿಗರೇಟ್ ಪ್ಯಾಕು ತೆಗೆದು ನನ್ನ ಕೈಗಿಟ್ಟರು. ಹೊಗೆ ಹಿಡಿದು ಕಪ್ಪಾಗಿತ್ತು. ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು. "ಆಸ್ಪತ್ರೆಗೆ ಹೊರಡೋವಾಗ ಅವ್ರೇ ತೊಲೆ ಮ್ಯಾಲಿಂದ ಇಳಿಸಿ ಕೊಟ್ಟಿದ್ದು. ನಾನು ಹೋದ್ರೆ ಭಾಯ್‌ಗೆ ವಾಪಸ್ ಕೊಡು ಅಂದ್ರು. ನಿನ್ನೆ ಸಂಜೆ ಇನ್ನೊಂದು ಮಾತು ಹೇಳುದ್ರು."

"ಏನಂದ್ರು?"

"ಕರುಳು ಸೋತಿಲ್ಲ ಅಂತ ಹೇಳು ಅಂದ್ರು. ಆದ್ರೂ ಪರ್ವಾಗಿಲ್ಲ, ಸ್ನಾನ ಅವ್ನೇ ಮಾಡ್ಲಿ ಅಂದ್ರು."

ವ್ಯಾನು ಹೋಯಿತು. ನಾನು ಶಟರ್ ಎಳೆದು ಮನೆಗೆ ಬಂದೆ. ನಮ್ಮಲ್ಲಿ ಸೂತಕ ಇಲ್ಲ. ಹಿತ್ತಲಿನ ತೊಟ್ಟಿಯಿಂದ ತಣ್ಣೀರು ಮೊಗೆದು ಅಂಗಿಯ ಸಮೇತ ತಲೆಯ ಮೇಲೆ ಸುರಿದುಕೊಂಡೆ. ಹೆಂಡತಿ ಗಾಬರಿಯಾಗಿ ಓಡಿ ಬಂದಳು.

"ಈ ಹೊತ್ತಲ್ಲಿ ಏನಿದು? ಯಾರಿಗೇನಾಯ್ತು?"

"ನನ್ನ ದಾಯಾದಿ ಹೋಗ್ಬುಟ್ಟ ಕಣೇ" ಎಂದೆ.